ತಾಯಿಯೇ ಬರಬೇಕೆ, ಆಹಾರವೇ ಹೋಗಬೇಕೆ?

ಗರ್ಭಿಣಿಯರಿಗೆ ಸರ್ಕಾರ ಕೊಡುವ ಆಹಾರಕ್ಕೆ ನಾನು ಬಲ್ಲ ಎರಡೂ ನಾಡುಗಳಲ್ಲಿ ಒಂದೇ ಷರತ್ತಿತ್ತು: ಆಕೆ ಖುದ್ದಾಗಿ ಬರಬೇಕು. ಕರ್ನಾಟಕದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಗೆ ಬಂದು, ಅಲ್ಲೇ ಕುಳಿತು ಉಣ್ಣಬೇಕಿತ್ತು. ಅಮೆರಿಕದ ‘ವಿಕ್’ ಯೋಜನೆಯಲ್ಲಿ ಕ್ಲಿನಿಕ್‌ಗೆ ಬಂದು ಎತ್ತರ, ತೂಕ ಅಳೆಸಿ, ಬೆರಳ ತುದಿಯ ರಕ್ತ ಕೊಟ್ಟು ಹೆಸರು ನೋಂದಾಯಿಸಬೇಕಿತ್ತು. 2020ರ ಮಾರ್ಚ್‌ನಲ್ಲಿ ಹೀಗೆ ಬರುವುದೇ ಅಪಾಯವಾಯಿತು. ಆಗ ನಾನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ ಸಂಶೋಧನಾ ವಿದ್ಯಾರ್ಥಿ. ನನ್ನ ಹೆಂಡತಿ ಬಸುರಿ. ತೀರ್ಥಹಳ್ಳಿಯ ಕಡೆ ಹಳ್ಳಿಯೊಂದರಲ್ಲಿ ನನ್ನ ತಂಗಿಯೂ ಬಸುರಿ. ಎರಡು ಸರ್ಕಾರಗಳು ತಮ್ಮದೇ ಷರತ್ತಿನೊಂದಿಗೆ ಹೇಗೆ ಹೆಣಗಿದವು ಎಂಬುದನ್ನು ಒಂದೇ ಕುಟುಂಬದೊಳಗಿಂದ ನೋಡುವಂತಾಯಿತು. ಆ ಹೆಣಗಾಟದಿಂದ ಅಮೆರಿಕ ಒಂದು ಪಾಠ ಕಲಿತಿದೆ. ಭಾರತ ಈಗ ಅದರ ವಿರುದ್ಧ ದಿಕ್ಕಿಗೆ ನಡೆಯುತ್ತಿದೆ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ.

ಎರಡೂ ಯೋಜನೆಗಳ ಬೇರು ಒಂದೇ ಕಾಲದ್ದು. ಬಸುರಿ ಬಾಣಂತಿಯರಿಗೆ, ಹಸುಗೂಸುಗಳಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಆಹಾರ ಕೊಡುವ ವಿಕ್ 1972ರಲ್ಲಿ ಪ್ರಯೋಗವಾಗಿ ಆರಂಭವಾಗಿ 1975ರಲ್ಲಿ ಕಾಯಂ ಆಯಿತು. ಅದೇ 1975ರ ಅಕ್ಟೋಬರ್ 2ರಂದು ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಅಂಗನವಾಡಿಗಳು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಮಾತೃಪೂರ್ಣ ಬಂದದ್ದು ಬಹಳ ತಡವಾಗಿ, 2017ರ ಅಕ್ಟೋಬರ್ 2ರಂದು. ಆದರೆ ಅದು ನಿಂತಿರುವುದು ಆ ಹಳೆಯ ಅಂಗನವಾಡಿಗಳ ಮೇಲೆಯೇ.

ವಿಕ್‌ಗೆ ಆದಾಯದ ಮಿತಿಯಿದೆ. ಸರ್ಕಾರ ಗುರುತಿಸಿದ ಬಡತನದ ಗೆರೆಯ ಶೇಕಡಾ 185ರೊಳಗೆ ಸಂಪಾದನೆಯಿರಬೇಕು. ವಿದ್ಯಾರ್ಥಿವೇತನದಲ್ಲಿ ಬದುಕುವ ನಮ್ಮಂಥವರು ಸುಲಭವಾಗಿ ಅದರೊಳಗೆ ಬರುತ್ತಿದ್ದೆವು. ಕುಟುಂಬದ ಸದಸ್ಯರನ್ನು ಎಣಿಸುವಾಗ ಹೊಟ್ಟೆಯಲ್ಲಿರುವ ಮಗುವನ್ನೂ ಸೇರಿಸುತ್ತಾರೆ ಎಂಬುದು ತಿಳಿದಾಗ ನನಗೆ ಈ ಯೋಜನೆಯ ಮೇಲೆ ಗೌರವ ಹುಟ್ಟಿತು. ಪೌರತ್ವವನ್ನು ಕೇಳುವುದಿಲ್ಲ, ವೀಸಾ ಯಾವುದೆಂದೂ ಕೇಳುವುದಿಲ್ಲ. ಆದರೂ ನಮ್ಮ ಕನ್ನಡದ ಗೆಳೆಯರಲ್ಲಿ ಅನೇಕರು ಅರ್ಜಿ ಹಾಕಲು ಹೆದರಿದರು. ಸರ್ಕಾರದ ನೆರವು ಪಡೆದವರ ವಲಸೆ ಅರ್ಜಿಗೆ ತೊಡಕಾಗಬಹುದು ಎಂಬ ‘ಪಬ್ಲಿಕ್ ಚಾರ್ಜ್’ ನಿಯಮ ಹೊಸ ಕಟ್ಟುನಿಟ್ಟಿನೊಂದಿಗೆ ಜಾರಿಗೆ ಬಂದದ್ದು 2020ರ ಫೆಬ್ರುವರಿ 24ರಂದು, ಸಾಂಕ್ರಾಮಿಕ ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ. ವಿಕ್ ಆ ನಿಯಮದ ವ್ಯಾಪ್ತಿಯಲ್ಲಿ ಇರಲಿಲ್ಲ. ಆದರೆ ಭಯ ನಿಯಮದ ಉಪವಾಕ್ಯಗಳನ್ನು ಓದುವುದಿಲ್ಲ. ನಾಳೆ ಗ್ರೀನ್ ಕಾರ್ಡ್‌ಗೆ ಕುತ್ತು ಬಂದೀತೆಂದು ಹಾಲು, ಮೊಟ್ಟೆಯನ್ನು ಬಿಟ್ಟುಕೊಟ್ಟ ಬಸುರಿಯರನ್ನು ನಾನು ಬಲ್ಲೆ. ಅಂಗನವಾಡಿಯಲ್ಲಿ ಈ ರಗಳೆ ಇಲ್ಲ. ತಾಯಿ ಕಾರ್ಡ್ ಇದ್ದರೆ ಆಯಿತು, ಯಾವ ಮನೆಯ ಹೆಂಗಸು, ಗಂಡನ ಸಂಬಳವೆಷ್ಟು ಎಂದು ಯಾರೂ ಕೇಳುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಸುರಿ ಬಾಣಂತಿಯರ ಊಟ ಹಕ್ಕು. ವಿಕ್ ಹಕ್ಕಲ್ಲ, ಅಮೆರಿಕದ ಸಂಸತ್ತು ವರ್ಷ ವರ್ಷ ಹಣ ಮಂಜೂರು ಮಾಡಿದರೆ ಉಂಟು. ಈ ವಿಷಯದಲ್ಲಿ ನಮ್ಮ ನಾಡಿನ ಕಾನೂನೇ ಮೇಲು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಆದರೆ ಮಾರ್ಚ್‌ನಲ್ಲಿ ಅಂಗಡಿಗಳ ಕಪಾಟು ಬರಿದಾದಾಗ ಏನಾಯಿತು ನೋಡಿ. ವಿಕ್ ಕಾರ್ಡಿನಲ್ಲಿ ಬೇಕಾದದ್ದನ್ನು ಕೊಳ್ಳುವಂತಿಲ್ಲ. ಬಸುರಿಗೆ ತಿಂಗಳಿಗೆ ಇಷ್ಟು ಹಾಲು, ಒಂದು ಡಜನ್ ಮೊಟ್ಟೆ, ಒಂದು ಪೌಂಡ್ ಕಾಳು, ಕಡಲೆಕಾಯಿ ಬೆಣ್ಣೆ, 16 ಔನ್ಸ್‌ನ ಇಡೀ ಗೋಧಿಯ ಬ್ರೆಡ್, ಹಣ್ಣು ತರಕಾರಿಗೆ 11 ಡಾಲರ್ ಎಂದು ಆಗ ಅಳತೆಯ ಸಮೇತ ಬರೆದಿರುತ್ತಿತ್ತು. ಜನ ಮುಗಿಬಿದ್ದು ಕೊಂಡ ಆ ದಿನಗಳಲ್ಲಿ 16 ಔನ್ಸ್‌ನ ಬ್ರೆಡ್ ಎಲ್ಲೂ ಸಿಗಲಿಲ್ಲ. ಪಕ್ಕದಲ್ಲಿ 24 ಔನ್ಸ್‌ನದು ಇರುತ್ತಿತ್ತು, ಕಾರ್ಡು ಅದನ್ನು ಒಪ್ಪುತ್ತಿರಲಿಲ್ಲ. ಹಣವಿದ್ದವರು ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ಬಡ ಬಸುರಿಯೊಬ್ಬಳು ಮಾತ್ರ ಸರಿಯಾದ ತೂಕದ ಬ್ರೆಡ್ಡಿಗಾಗಿ ಸೋಂಕಿನ ನಡುವೆ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಪೌಷ್ಟಿಕತೆಯ ಹೆಸರಿನಲ್ಲಿ ಹಾಕಿದ ಲೆಕ್ಕಾಚಾರವೇ ಪೌಷ್ಟಿಕತೆಗೆ ಅಡ್ಡ ನಿಂತ ಗಳಿಗೆ ಅದು.

ಇಲ್ಲಿಂದ ಮುಂದೆ ನಡೆದದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಮಾರ್ಚ್ 18ರಂದು ‘ಫ್ಯಾಮಿಲೀಸ್ ಫಸ್ಟ್’ ಕಾಯ್ದೆಗೆ ಸಹಿ ಬಿತ್ತು. ವಿಕ್‌ಗೆ 50 ಕೋಟಿ ಡಾಲರ್ ಹೆಚ್ಚುವರಿ ಹಣ ಬಂತು. ಅದಕ್ಕಿಂತ ದೊಡ್ಡದು, ನಿಯಮಗಳನ್ನು ಬದಿಗಿಡುವ ಅಧಿಕಾರವನ್ನು ಆ ಕಾಯ್ದೆ ವಿಕ್ ನಡೆಸುವ ಕೃಷಿ ಇಲಾಖೆಗೆ ಕೊಟ್ಟಿತು. ಖುದ್ದಾಗಿ ಬರಬೇಕಿಲ್ಲ, ಫೋನಿನಲ್ಲೇ ನೋಂದಣಿ ಆಗುತ್ತದೆ. ರಕ್ತ ಪರೀಕ್ಷೆ, ತೂಕ ಮುಂದಕ್ಕೆ ಹೋಗಬಹುದು. ದೊಡ್ಡ ಬ್ರೆಡ್ ಆದೀತು, ಕೆನೆಯ ಪ್ರಮಾಣ ಬೇರೆಯಿರುವ ಹಾಲಾದೀತು, ಮೊಟ್ಟೆ ಯಾವ ಗಾತ್ರದ್ದಾದರೂ ಆದೀತು. ರಾಜ್ಯಗಳು ಒಂದೊಂದಾಗಿ ವಿನಾಯಿತಿ ಕೇಳಿದವು, ಕೇಂದ್ರ ಒಂದೊಂದಾಗಿ ಒಪ್ಪಿತು. ಯಾವ ರಾಜ್ಯಕ್ಕೆ ಯಾವ ನಿಯಮದಿಂದ ಬಿಡುವು ಎಂಬುದನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿದರು. ಬರಹದಲ್ಲಿ ಸಿಕ್ಕ ವಿನಾಯಿತಿಗೆ ಬೇರೆಯದೇ ಬಲವಿದೆ. ಕ್ಲಿನಿಕ್‌ನ ಹೆಂಗಸು ಯಾರಿಗೂ ಹೆದರದೆ ನಮಗೆ ಸಹಾಯ ಮಾಡಬಲ್ಲವಳಾದಳು.

ಪೆನ್ಸಿಲ್ವೇನಿಯಾದ ನಮಗೆ ಮಾತ್ರ ಇನ್ನೊಂದು ಕಂಟಕವಿತ್ತು. ಬಹುತೇಕ ರಾಜ್ಯಗಳಲ್ಲಿ ವಿಕ್ ಕಾರ್ಡಿಗೆ ಕಚೇರಿಯಿಂದಲೇ ಕಂಪ್ಯೂಟರ್ ಮೂಲಕ ಸವಲತ್ತು ತುಂಬಬಹುದು. ನಮ್ಮ ರಾಜ್ಯ ಆಗ ಬಳಸುತ್ತಿದ್ದದ್ದು ಚಿಪ್ ಕಾರ್ಡು. ಅದನ್ನು ಮೂರು ತಿಂಗಳಿಗೊಮ್ಮೆ ಕ್ಲಿನಿಕ್‌ಗೆ ಒಯ್ದು ಯಂತ್ರಕ್ಕೆ ತೂರಿಸಿದರೇ ಸರಿ. ಕಾನೂನು ಬರಬೇಡಿ ಎಂದಿತು, ಯಂತ್ರ ಬನ್ನಿ ಎಂದಿತು. ಕಡೆಗೆ ನಾವು ಕಾರ್ಡನ್ನು ಲಕೋಟೆಯಲ್ಲಿ ಹಾಕಿ ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿಟ್ಟು, ಸಿಬ್ಬಂದಿ ಅದನ್ನು ತುಂಬಿಸಿ ಮರಳಿಸುವವರೆಗೆ ಹೊರಗೆ ಕಾಯುತ್ತಿದ್ದೆವು. ಕಾರಿಲ್ಲದವರು ಬಸ್ಸು ಹತ್ತಲೇಬೇಕಿತ್ತು. ಇಂಥ ಕಾರ್ಡಿದ್ದ ರಾಜ್ಯಗಳು ಸಾಂಕ್ರಾಮಿಕದ ಕಾಲದಲ್ಲಿ ಫಲಾನುಭವಿಗಳನ್ನು ಉಳಿಸಿಕೊಳ್ಳುವುದರಲ್ಲಿ ಉಳಿದ ರಾಜ್ಯಗಳಿಗಿಂತ ಹಿಂದೆ ಬಿದ್ದವು. ವರ್ಷಗಳ ಹಿಂದೆ ಯಾರೋ ಅಧಿಕಾರಿಗಳು ಆಯ್ದುಕೊಂಡ ತಂತ್ರಜ್ಞಾನ ಯಾವ ಮಗುವಿಗೆ ಹಾಲು ಸಿಗಬೇಕೆಂಬುದನ್ನು ತೀರ್ಮಾನಿಸಿತು.

ಇನ್ನು ತೀರ್ಥಹಳ್ಳಿಯ ಮಾತು. ಮಲೆನಾಡಿನ ಒಂಟಿ ಮನೆಗಳಿಂದ ಬಸುರಿಯರು ದಿನವೂ ಅಂಗನವಾಡಿಗೆ ನಡೆದು ಬಂದು ಉಣ್ಣಬೇಕೆಂಬುದಕ್ಕೆ ಮೊದಲಿನಿಂದಲೂ ಆಕ್ಷೇಪವಿತ್ತು. ಮಳೆಗಾಲದಲ್ಲಿ ಹಳ್ಳ ದಾಟಿ, ಏರು ಹತ್ತಿ ಬರುವುದೆಂದರೆ ಹುಡುಗಾಟವಲ್ಲ. ಹಾಗಿದ್ದರೂ ಬಿಸಿಯೂಟದ ಹಿಂದಿನ ಕಾರಣ ಗಟ್ಟಿಯಾದದ್ದು. ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಮಿಲಿಲೀಟರ್ ಹಾಲು, ಶೇಂಗಾ ಚಿಕ್ಕಿ, ಇಷ್ಟನ್ನು ಕಣ್ಣೆದುರೇ ಬಡಿಸಿದರೆ ಅದು ಅವಳ ಹೊಟ್ಟೆಗೇ ಸೇರುತ್ತದೆ. ತಿಂಗಳಿಗೆ 25 ದಿನ, ಅಂದರೆ 25 ಮೊಟ್ಟೆ. ಸಿರಿವಂತ ಅಮೆರಿಕ ಬಸುರಿಗೆ ಕೊಡುವುದರ ಎರಡು ಪಟ್ಟಿಗೂ ಹೆಚ್ಚು. ಹಾಲಿನಲ್ಲಿ ಲೆಕ್ಕ ತಿರುಗುಮುರುಗು: ವಿಕ್‌ನಲ್ಲಿ ಆಗ ತಿಂಗಳಿಗೆ ಹತ್ತಿರ ಹತ್ತಿರ 21 ಲೀಟರ್, ಮಾತೃಪೂರ್ಣದಲ್ಲಿ ಐದು.

ಲಾಕ್‌ಡೌನ್ ಬಂದು ಅಂಗನವಾಡಿ ಮುಚ್ಚಿದಾಗ ಊಟದ ಬದಲು ದಿನಸಿ ಮನೆಗೆ ಬರತೊಡಗಿತು. ಹೊತ್ತು ತಂದವರು ಟೀಚರ್ ಮತ್ತು ಸಹಾಯಕಿ. ನನ್ನ ತಂಗಿಯ ಮನೆಗೆ ವಾಹನ ಹೋಗುವ ರಸ್ತೆಯಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಹಾಲಿನ ಪುಡಿಯ ಚೀಲ ತಲೆಯ ಮೇಲೆ, ಮೊಟ್ಟೆಯ ಬುಟ್ಟಿ ಕೈಯಲ್ಲಿ, ಮುಖಕ್ಕೆ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್. ಅಂಗಳದಲ್ಲೇ ನಿಂತು ಕಾಲು ಊದಿದೆಯೇ, ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೆಯೇ ಎಂದು ಕೇಳಿ ಹೋಗುತ್ತಿದ್ದರಂತೆ. ಪಿಟ್ಸ್‌ಬರ್ಗ್‌ನಲ್ಲಿ ವಿಕ್‌ನ ಆಹಾರ ತಜ್ಞೆ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳೂ ಅವೇ. ಆಕೆ ಒಳ್ಳೆಯವಳು, ರಾಗಿಯ ಬಗ್ಗೆ ಕೇಳಿ ತಿಳಿದುಕೊಂಡಳು. ಆದರೆ ನನ್ನ ಹೆಂಡತಿಯ ಮುಖ ಬಿಳಿಚಿದ್ದು ಅವಳಿಗೆ ಕಾಣುವಂತಿರಲಿಲ್ಲ. ಟೀಚರಿಗೆ ತಂಗಿಯ ಮುಖ ಕಂಡಿತು. ಅವರೇ ಒತ್ತಾಯಿಸಿ ಆಸ್ಪತ್ರೆಗೆ ಕಳುಹಿಸಿದರು.

ಆಗ ಕರ್ನಾಟಕದಲ್ಲಿದ್ದ ಸುಮಾರು 66 ಸಾವಿರ ಅಂಗನವಾಡಿಗಳ ಬಲ ಇದು: ಯಾವ ಮನೆಯಲ್ಲಿ ಯಾರು ಬಸುರಿ ಎಂದು ಬಲ್ಲ ಒಬ್ಬ ಹೆಂಗಸು ಊರೂರಲ್ಲಿ ಇದ್ದಾಳೆ. ಇಷ್ಟು ಖರ್ಚು ಮಾಡುವ ಅಮೆರಿಕಕ್ಕೆ ಇದು ಇಲ್ಲ. ನಾವು ಇದಕ್ಕೆ ಕೊಟ್ಟ ಬೆಲೆಯೇನು? ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ದಿನಸಿ ಹಂಚುವುದರ ಜೊತೆಗೆ ಸೋಂಕಿತರ ಸಮೀಕ್ಷೆಯ ಹೊರೆಯೂ ಅವರ ಮೇಲೆ ಬಿತ್ತು. ಮೊಟ್ಟೆಯ ಅಂಗಡಿ ದರಕ್ಕೂ ಸರ್ಕಾರಿ ದರಕ್ಕೂ ನಡುವಿನ ಅಂತರವನ್ನು ತಮ್ಮ ಕೈಯಿಂದ ತುಂಬಿದವರಿದ್ದಾರೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು, ಅದೂ 2022ರ ಏಪ್ರಿಲ್‌ನಲ್ಲಿ. ವಿಕ್ ಸಿಬ್ಬಂದಿ ಮನೆಯಿಂದಲೇ ಕೆಲಸ ಮಾಡುತ್ತಾ ತಿಂಗಳ ಸಂಬಳ ಪಡೆದರು. ಟೀಚರಮ್ಮನ ಒಳ್ಳೆಯತನವನ್ನು ಹೊಗಳಿ ಸುಮ್ಮನಾಗುವುದು ನನಗೆ ಸರಿಯೆನಿಸುವುದಿಲ್ಲ.

ದಿನಸಿ ಮನೆಗೆ ಬಂದದ್ದರಲ್ಲೂ ನಷ್ಟವಿತ್ತು. ಚೀಲ ಮನೆಗೆ ಬಂದ ಮೇಲೆ ಅದು ಮನೆಯ ದಿನಸಿ. ಮಾವನಿಗೂ ಮೊಟ್ಟೆ, ಮೈದುನನಿಗೂ ಮೊಟ್ಟೆ. ಕೂಲಿ ನಿಂತುಹೋದ ಮನೆಯಲ್ಲಿ ಹಂಚಿಕೊಂಡು ತಿಂದರೆ ತಪ್ಪೆನ್ನಲು ನನಗೆ ಬಾಯಿ ಬಾರದು. ಎಲ್ಲರದೂ ಆದ ಮೇಲೆ ಉಣ್ಣುವ ಸೊಸೆಗೆ ಉಳಿದದ್ದೆಷ್ಟು? 2020ರ ಏಪ್ರಿಲ್‌ನಿಂದ ಗರೀಬ್ ಕಲ್ಯಾಣ್ ಯೋಜನೆಯಡಿ ತಲೆಗೆ ಐದು ಕಿಲೋ ಧಾನ್ಯ ಉಚಿತವಾಗಿ ಬಂದದ್ದು ಇಂಥ ಮನೆಗಳನ್ನು ಉಳಿಸಿತು. ಆದರೆ ಧಾನ್ಯ ಹೊಟ್ಟೆ ತುಂಬಿಸುತ್ತದೆ, ಬಸುರಿಯ ರಕ್ತಹೀನತೆಗೆ ಮದ್ದಾಗುವುದಿಲ್ಲ. ಅಂಗನವಾಡಿಗಳನ್ನು ತೆರೆಯಿರಿ ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಕರ್ನಾಟಕದ ಮಕ್ಕಳು ಅಂಗನವಾಡಿಗೆ ಮರಳಿದ್ದು ಆ ವರ್ಷದ ನವೆಂಬರ್‌ನಲ್ಲಿ. ಅಷ್ಟರೊಳಗೆ ಮಾಲುಗಳು, ಮದುವೆ ಮಂಟಪಗಳು ಎಷ್ಟೋ ಸಲ ತೆರೆದು ಮುಚ್ಚಿ ಮತ್ತೆ ತೆರೆದಿದ್ದವು. ಬಸುರಿಯ ಊಟ ಆ ಪಟ್ಟಿಯಲ್ಲಿ ಅಷ್ಟು ಕೆಳಗೆ ಏಕೆ ಬಿತ್ತು ಎಂಬ ಪ್ರಶ್ನೆಗೆ ನನಗೆ ಇಂದಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಅಮೆರಿಕ ಮುಂದೆ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. 2021ರ ಬೇಸಿಗೆಯಲ್ಲಿ ಹಣ್ಣು ತರಕಾರಿಯ ಮೊತ್ತವನ್ನು ಮಕ್ಕಳಿಗೆ 9 ಡಾಲರಿನಿಂದ, ತಾಯಂದಿರಿಗೆ 11 ಡಾಲರಿನಿಂದ, ತಿಂಗಳಿಗೆ 35 ಡಾಲರಿನವರೆಗೆ ಏರಿಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ನಮ್ಮ ಮನೆಗೆ ಸೊಪ್ಪು, ಬಾಳೆಹಣ್ಣು, ಕುಂಬಳಕಾಯಿ ಧಾರಾಳವಾಗಿ ಬಂದ ದಿನಗಳವು. ಅಕ್ಟೋಬರ್‌ನಿಂದ ಮಕ್ಕಳಿಗೆ 24, ಬಸುರಿಯರಿಗೆ ಮತ್ತು ಹಾಲೂಡಿಸದ ಬಾಣಂತಿಯರಿಗೆ 43, ಹಾಲೂಡಿಸುವವರಿಗೆ 47 ಡಾಲರ್ ಎಂದಾಯಿತು. ತುರ್ತಿನಲ್ಲಿ ಮಾಡಿದ ಈ ಏರಿಕೆ 2024ರಲ್ಲಿ ನಿಯಮದೊಳಗೇ ಸೇರಿತು. ಆರೋಗ್ಯ ತುರ್ತುಸ್ಥಿತಿ 2023ರ ಮೇ ತಿಂಗಳಲ್ಲಿ ಮುಗಿದು ಹಳೆಯ ವಿನಾಯಿತಿಗಳು ಆಗಸ್ಟ್‌ನಲ್ಲಿ ಕೊನೆಗೊಂಡರೂ, ಫೋನಿನ ನೋಂದಣಿಯನ್ನು ಬೇರೊಂದು ಕಾಯ್ದೆಯ ಆಸರೆಯಲ್ಲಿ ಮುಂದುವರಿಸಲು ರಾಜ್ಯಗಳಿಗೆ ದಾರಿ ಬಿಟ್ಟರು. ಸಾಂಕ್ರಾಮಿಕಕ್ಕೆ ಮುಂಚೆ ಅತ್ಯಗತ್ಯವೆಂದು ನಂಬಿದ್ದ ಖುದ್ದು ಹಾಜರಿಯ ನಿಯಮ ಅಷ್ಟೇನೂ ಅತ್ಯಗತ್ಯವಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು.

ಭಾರತದಲ್ಲಿ 2025ರ ಜುಲೈ 1ರಿಂದ, ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಫಲಾನುಭವಿಯ ಮುಖ ಗುರುತಿಸುವುದು ಕಡ್ಡಾಯವಾಗಿದೆ. ಸೋರಿಕೆ ತಡೆಯಲು ಎನ್ನುತ್ತಾರೆ. ಸೋರಿಕೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಕಡೆ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಟೀಚರ್ ಇಪ್ಪತ್ತು ವರ್ಷದಿಂದ ಬಲ್ಲ ಮುಖವನ್ನು ಆಕೆಯ ಮೊಬೈಲ್ ಗುರುತಿಸದಿದ್ದರೆ ಆ ಬಾಣಂತಿ ಬರಿಗೈಯಲ್ಲಿ ಮರಳಬೇಕೆ? ನಾಳೆ ಇನ್ನೊಂದು ಸೋಂಕು ಬಂದು ಎಲ್ಲರೂ ಮುಖ ಮುಚ್ಚಿಕೊಂಡರೆ ಏನು ಮಾಡುವುದು? ಪೆನ್ಸಿಲ್ವೇನಿಯಾದ ಚಿಪ್ ಕಾರ್ಡು ಮಾಡಿದ ಅನಾಹುತವನ್ನು ನೋಡಿದ ನನಗೆ ಇದು ಅದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ.

ಕರ್ನಾಟಕ ಸರ್ಕಾರ ಎರಡು ಕೆಲಸ ಮಾಡಬಹುದು, ಮಾಡಬೇಕು. ಯಾವ ತುರ್ತಿನಲ್ಲಿ ಯಾವ ನಿಯಮ ತಾನಾಗಿ ಸಡಿಲವಾಗುತ್ತದೆ, ಯಾರು ಸಡಿಲಿಸಬಹುದು, ಯಂತ್ರ ಕೈಕೊಟ್ಟಾಗ ಟೀಚರ್ ತನ್ನ ರಿಜಿಸ್ಟರಿನಲ್ಲಿ ಸಹಿ ಪಡೆದು ಆಹಾರ ಕೊಡಬಹುದೇ ಎಂಬುದನ್ನು ಈಗಲೇ, ಸೋಂಕಿಲ್ಲದ ಹೊತ್ತಿನಲ್ಲೇ, ಆದೇಶವಾಗಿ ಬರೆದಿಡಬೇಕು. ಒದಗಿಸಬೇಕಾದ ಊಟ ಒದಗಿಸದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2013ರ ಆ ಕಾಯ್ದೆಯ ಎಂಟನೆಯ ಸೆಕ್ಷನ್ನಿನಲ್ಲಿದೆ. ಅದು ಬಸುರಿಯ ಸ್ವಂತ ಖಾತೆಗೆ ಎಷ್ಟು ದಿನದೊಳಗೆ ಬರಬೇಕೆಂಬುದೂ ಆ ಆದೇಶದಲ್ಲಿರಲಿ. ಎರಡನೆಯದು ಟೀಚರ್ ಮತ್ತು ಸಹಾಯಕಿಯರ ವೇತನ. ಅವರನ್ನು ಕಾಯಂ ನೌಕರರನ್ನಾಗಿ ಮಾಡಿ ಎಂಬ ಬೇಡಿಕೆಗೆ ಹಣವಿಲ್ಲ ಎಂಬ ಉತ್ತರವನ್ನು ಪ್ರತಿ ಸರ್ಕಾರವೂ ಕೊಟ್ಟಿದೆ. ಆ ಮುಖ ಗುರುತಿಸುವ ಆ್ಯಪ್‌ಗೆ, ಅದು ಓಡಲು ಬೇಕಾದ ಮೊಬೈಲುಗಳಿಗೆ, ತರಬೇತಿಗೆ ಹಣ ದೊರೆತಿದೆ.