ಕೊಪ್ಪಳದಿಂದ ಆನೆಗೊಂದಿಗೆ, ಒಬ್ಬಳೇ

ಬರುವ ಮಾರ್ಗಶಿರದ ಹುಣ್ಣಿಮೆಗೆ ಕೊಪ್ಪಳದಿಂದ ಆನೆಗೊಂದಿಗೆ ನಡೆದು ಹೋಗುತ್ತೇನೆ. ಒಬ್ಬಳೇ. ಗಿಣಿಗೇರಿ, ಹಿಟ್ನಾಳ, ಹುಲಿಗಿ, ಅಲ್ಲಿಂದ ಶಿವಪುರ, ಬಂಡಿ ಹರ್ಲಾಪುರ, ಸಾಣಾಪುರ, ಹನುಮನಹಳ್ಳಿ, ಆಮೇಲೆ ಆನೆಗೊಂದಿ. 50 ಕಿಲೋಮೀಟರ್ ಆಸುಪಾಸು. ಮೂರು ದಿನ ಇಟ್ಟುಕೊಂಡಿದ್ದೇನೆ.

ಇದನ್ನು ಹೇಳಿದ ಕೂಡಲೇ ನಮ್ಮ ಓಣಿಯಲ್ಲಿ ಕೇಳಿದ್ದು ಎರಡೇ ಮಾತು. "ಹರಕಿ ಹೊತ್ತೀಯೇನವಾ?" "ಯಾರ ಜೋಡಿ ಹೊಂಟೀ?" ಹರಕೆ ಅಂದಿದ್ದರೆ ಮುಂದೆ ಯಾರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ದೂರ ನಡೆಯುವುದು ಹೊಸದಲ್ಲ ಅಲ್ವಾ. ಯುಗಾದಿ ಮುಂದೆ ಶ್ರೀಶೈಲಕ್ಕೆ ಹೊರಡುವ ಗುಂಪುಗಳಲ್ಲಿ ವಯಸ್ಸಾದ ಅಜ್ಜಿಯರೂ ಇರುತ್ತಾರೆ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ನಡೆಯುತ್ತಾರೆ, ದಾರಿಯ ಊರಿನವರು ಮಜ್ಜಿಗೆ ಕೊಟ್ಟು, ಊಟಕ್ಕೆ ಹಾಕಿ ಕಾಲಿಗೆ ನಮಸ್ಕಾರ ಮಾಡುತ್ತಾರೆ. ಅದೇ ಹೆಣ್ಣುಮಗಳು ಸುಮ್ನೆ ನಡೀಬೇಕು ಅನ್ನಿಸಿದೆ ಅಂದರೆ ಎದುರಿನವರ ಮುಖವೇ ಬದಲಾಗುತ್ತದೆ. ಹನ್ನೊಂದು ವರ್ಷ ಈ ದಾರಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಆ ಬಂಡೆಗುಡ್ಡ, ಭತ್ತದ ಗದ್ದೆ, ಕಾಲುವೆ ಎಲ್ಲವನ್ನೂ ನಿಂತು ನೋಡುವ ಆಸೆ. ನನಗಿರುವ ಕಾರಣ ಇಷ್ಟೇ. ಇದು ಸಾಕು ಅಂತ ನನಗೆ ಅನ್ನಿಸುತ್ತದೆ.

ಅವ್ವನ ಭಯ ಬೇರೆ. ಅವಳು ಹೇಳಿದ್ದು ಒಂದೇ ಹೆಸರು, ಸಾಣಾಪುರ. 2025ರ ಮಾರ್ಚ್‌ನಲ್ಲಿ ಅಲ್ಲಿ ಕಾಲುವೆ ಹತ್ತಿರ ಆ ರಾತ್ರಿ ಆದದ್ದನ್ನು ನಮ್ಮ ಜಿಲ್ಲೆಯ ಯಾವ ತಾಯಿಯೂ ಮರೆತಿರಲಿಕ್ಕಿಲ್ಲ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯಿತು. ಜೊತೆಗಿದ್ದ ಗಂಡಸರನ್ನು ಕಾಲುವೆಗೆ ತಳ್ಳಿದರು, ಅವರಲ್ಲಿ ಒಬ್ಬರು ಜೀವವನ್ನೇ ಕಳೆದುಕೊಂಡರು. ಆ ವಾರ ನನಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಆದರೂ ಅವ್ವನಿಗೆ ಹೇಳಿದೆ, ಅವತ್ತು ಅವರ ಜೊತೆ ಮೂವರು ಗಂಡಸರು ಇದ್ದರು. ಜೊತೆಗೊಬ್ಬ ಇದ್ದರೆ ಸಾಕು ಅನ್ನುವ ಮಾತು ಅಲ್ಲಿ ಉಳಿಯಿತಾ? ತಪ್ಪು ಮಾಡಿದವರದು, ಅಲ್ಲಿ ಕೂತಿದ್ದವರದಲ್ಲ. ನನ್ನ ಕೈಯಲ್ಲಿ ಇರುವುದು ಹೊತ್ತಿನ ಲೆಕ್ಕ ಮಾತ್ರ. ಅದಕ್ಕೇ ಎರಡನೇ ರಾತ್ರಿ ಬಂಡಿ ಹರ್ಲಾಪುರದಲ್ಲಿ ಗೊತ್ತಿದ್ದವರ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು, ಹೊಲಕ್ಕೆ ಹೋಗುವ ಜನ ರಸ್ತೆಯಲ್ಲಿ ಇರುವಾಗಲೇ ಕಾಲುವೆ ದಾಟುತ್ತೇನೆ. ಮೊದಲ ದಿನಕ್ಕೆ ಹುಣ್ಣಿಮೆ ಆರಿಸಿದ್ದೂ ಹೀಗೇ ಯೋಚಿಸಿ. ಅವತ್ತು ಹುಲಿಗಿಯ ಹುಲಿಗೆಮ್ಮನ ಗುಡಿಗೆ ನಡೆದು ಹೋಗುವವರು ದಾರಿಯಲ್ಲಿ ಸಿಗುತ್ತಾರೆ, ಅವರಲ್ಲಿ ಹೆಂಗಸರೂ ಇರುತ್ತಾರೆ.

ಇಷ್ಟು ಬುದ್ಧಿ ಹೇಳಿದವರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ದಾರಿಯಲ್ಲಿ ಒಂದಕ್ಕೆ ಎಲ್ಲಿ ಹೋಗ್ತೀ?

ಮೊದಲ ಸಲ ಅಭ್ಯಾಸಕ್ಕೆ ಅಂತ ಗಿಣಿಗೇರಿವರೆಗೆ ನಡೆದಾಗ ಬೆಳಿಗ್ಗೆಯಿಂದ ಅರ್ಧ ಲೋಟ ನೀರು ಮಾತ್ರ ಕುಡಿದಿದ್ದೆ. ಮದುವೆಗೆ ಹೋಗುವಾಗ, ಬಸ್ಸು ಹತ್ತುವಾಗ ನಾವು ಹೆಂಗಸರು ಮಾಡುವುದೇ ಅದು. ಹತ್ತು ಗಂಟೆ ಹೊತ್ತಿಗೆ ತಲೆ ತಿರುಗಿ ಬೇವಿನ ಮರದ ಕೆಳಗೆ ಕೂತೆ. ದಾರಿಯಲ್ಲಿದ್ದ ಒಂದು ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ ಹಾಕಿತ್ತು, "ಕೀಲಿ ಮಾಲಕರ ಹತ್ರ ಐತ್ರಿ ಅಕ್ಕಾ" ಅಂದ ಹುಡುಗ. ಮನೆಗೆ ಬಂದ ಮೇಲೆ ಎರಡು ದಿನ ಉರಿಮೂತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಇಲ್ಲಿ ಹೆಣ್ಣುಮಗಳು ಮರ್ಯಾದೆಗೆ ಅಂಜಿ ನೀರು ಬಿಟ್ಟು ನಡೆದರೆ ಯಾವ ಕಳ್ಳನೂ ಬೇಕಾಗಿಲ್ಲ, ಬಿಸಿಲೇ ಕೆಡವುತ್ತದೆ.

ಆಮೇಲೆ ನಾಲ್ಕು ಭಾನುವಾರ ಬಸ್ಸಿನಲ್ಲಿ ಓಡಾಡಿ ದಾರಿ ನೋಡಿಕೊಂಡು ಬಂದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಶಕ್ತಿ ಯೋಜನೆ ನನಗೆ ನಿಜವಾಗಿ ಶಕ್ತಿ ಕೊಟ್ಟದ್ದು ಇಲ್ಲಿ. ಒಂದು ಊರಲ್ಲಿ ಇಳಿಯುವುದು, ಖಾನಾವಳಿಯ ಅಕ್ಕನನ್ನು ಕೇಳುವುದು, ಕಟ್ಟೆ ಮೇಲೆ ಕೂತ ಅಮ್ಮನನ್ನು ಮಾತಾಡಿಸುವುದು, ಮುಂದಿನ ಬಸ್ಸು ಹತ್ತುವುದು. ಒಬ್ಬರೂ ಇಲ್ಲ ಅನ್ನಲಿಲ್ಲ. "ನಮ್ಮ ಮನಿಗೇ ಬಾರವಾ, ಚಾನೂ ಕುಡದು ಹೋಗು" ಅಂದರು. ನೋಟ್‌ಬುಕ್‌ನಲ್ಲಿ ಈಗ ಒಂಬತ್ತು ಜಾಗ ಬರೆದಿದ್ದೇನೆ. ಏನೂ ಸಿಗದ ಕಡೆಗೆ ದೊಡ್ಡ ಛತ್ರಿ, ಮೊಣಕಾಲು ದಾಟುವ ಟಾಪು. ಛತ್ರಿ ಬಿಚ್ಚಿ ರಸ್ತೆ ಕಡೆಗೆ ಹಿಡಿದರೆ ಅದೇ ಗೋಡೆ. ಬಿಸಿಲಿಗೂ ಆಯಿತು, ನಾಯಿ ಬಂದರೂ ಆಯಿತು. ಮುಟ್ಟಿನ ದಿನ ಲೆಕ್ಕ ಹಾಕಿಯೇ ಹೊರಡುತ್ತಿದ್ದೇನೆ, ಆದರೂ ಪ್ಯಾಡ್ ಮತ್ತು ಹಳೆ ಪೇಪರ್ ಚೀಲದಲ್ಲಿ ಇರುತ್ತವೆ.

ಉಳಿದದ್ದು ಸುಲಭ. ಬಿಸಿಲಲ್ಲಿ ನಡೆದರೆ ಪಾದ ಊದುತ್ತದೆ, ಅದಕ್ಕೆ ಶೂ ಒಂದು ನಂಬರ್ ದೊಡ್ಡದು. ಬೊಬ್ಬೆ ಏಳದಂತೆ ಬೆರಳ ಸಂದಿಗೆ ವ್ಯಾಸಲೀನ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆದ್ದಾರಿಯಲ್ಲಿ ಬಲಗಡೆಗೇ ನಡೆಯಬೇಕು, ಎದುರು ಬರುವ ಲಾರಿ ಕಣ್ಣಿಗೆ ಕಾಣಬೇಕು. ಫೋನಿನಲ್ಲಿ 112 ಮೊದಲೇ ಹಾಕಿಟ್ಟಿದ್ದೇನೆ, ಲೊಕೇಶನ್ ತಮ್ಮನಿಗೆ ಹೋಗುತ್ತಿರುತ್ತದೆ.

ನಿನ್ನೆ ಅವ್ವ ರೊಟ್ಟಿ ತಟ್ಟುತ್ತಾ ಕೇಳಿದಳು, "ಹಿಟ್ನಾಳ ಎಷ್ಟೊತ್ತಿಗೆ ಮುಟ್ತೀ?" ಯಾರ ಜೋಡಿ ಅಂತ ಕೇಳಲಿಲ್ಲ. ನೋಟ್‌ಬುಕ್ ತೆಗೆದು ತೋರಿಸಿದೆ.

ಶಿವಪುರದಿಂದ ಬಂಡಿ ಹರ್ಲಾಪುರದವರೆಗೆ ಮಾತ್ರ ನನ್ನ ಪಟ್ಟಿಯಲ್ಲಿ ಒಂದು ಜಾಗವೂ ಇಲ್ಲ. ಆ ಕಡೆಯ ಅಕ್ಕ ತಂಗಿಯರು ಯಾರಾದರೂ ಇದನ್ನು ಓದಿದರೆ, ಬೀಗ ಹಾಕದ ಒಂದು ಶೌಚಾಲಯ ಎಲ್ಲಿದೆ ಅಂತ ದಯವಿಟ್ಟು ತಿಳಿಸಿ.