ಬಂಡೆಗೆ ತೀರ್ಪು, ಬಸ್ಸಿಗೆ ಮಸಿ

ಸಿಂಗಪುರದ ನಮ್ಮ ಆಫೀಸಿಗೆ ದಿನಾ ಜೊಹೋರ್ ಬಾರುವಿನಿಂದ ಕಾಸ್‌ವೇ (ಎರಡು ದೇಶಗಳನ್ನು ಜೋಡಿಸುವ ಸಮುದ್ರದ ಮೇಲಿನ ರಸ್ತೆ) ದಾಟಿ ಬರುವ ಮಲೇಷ್ಯಾದ ಗೆಳೆಯನೊಬ್ಬನಿದ್ದಾನೆ. ಊಟದ ಹೊತ್ತಿಗೆ, ಸಿಂಗಪುರ-ಮಲೇಷ್ಯಾ ಎರಡೂ ತನ್ನದೆಂದ ಪೆದ್ರಾ ಬ್ರಾಂಕಾ ಬಂಡೆಯ ಮಾತು ಬಂತು. ನಾನು ಬೆಳಗಾವಿಯವನಲ್ಲವೇ, ಈಗ ಇವನ ದನಿ ಏರುತ್ತದೆ ಅಂತ ಕಾದೆ. ಆತ ನಾಸಿ ಲೆಮಾಕ್ ಕಲಸುತ್ತ, "ನಮ್ಮದೇ ಆಗಿತ್ತು, ಕೋರ್ಟಿನಲ್ಲಿ ಹೋಯಿತು" ಅಂದ. ಅಷ್ಟೇ.

ಆ ರಾತ್ರಿ ಅವ್ವನ ಫೋನು: "ಕೊಲ್ಲಾಪುರದ ಬಸ್ ಬಂದ್ ಆಗ್ಯಾವ ನೋಡಪಾ, ಕುಬಸಕ್ಕ ಹೋಗೂದು ಹ್ಯಾಂಗ?"

ಗಡಿ ಗಲಾಟೆಗೆ ಮತ್ತೆ ಬಸ್ಸು ನಿಂತಿದ್ದವು. ಹೊಟ್ಟೆ ಉರಿಯಿತು.

ಪೆದ್ರಾ ಬ್ರಾಂಕಾ ಅಂದರೆ ಸಿಂಗಪುರ ಜಲಸಂಧಿಯ ಪೂರ್ವದ ಬಾಯಲ್ಲಿರುವ ಒಂದು ಬಂಡೆ. ಉದ್ದ 137 ಮೀಟರು. 1851ರಲ್ಲಿ ಬ್ರಿಟಿಷರು ಅಲ್ಲೊಂದು ದೀಪಸ್ತಂಭ ಕಟ್ಟಿ ಮುಗಿಸಿದರು. ಸಿಂಗಪುರವೇ ಅದನ್ನು ನಡೆಸಿಕೊಂಡು ಬಂತು. 1979ರಲ್ಲಿ ಮಲೇಷ್ಯಾ ತನ್ನ ನಕ್ಷೆಯಲ್ಲಿ ಬಂಡೆಯನ್ನು ಸೇರಿಸಿಕೊಂಡಿತು, ತಕರಾರು ಶುರು. ಮುಂದೆ ಇಬ್ಬರೂ ಒಪ್ಪಂದ ಬರೆದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬಂಡೆಯ ಒಡೆತನ ತಾವು ಕೇಳುವುದಿಲ್ಲವೆಂದು, ಈಗ ಮಲೇಷ್ಯಾದ ರಾಜ್ಯವಾಗಿರುವ ಜೊಹೋರ್‌ನ ಅಧಿಕಾರಿಯೊಬ್ಬರು 1953ರಲ್ಲೇ ಬರೆದಿದ್ದ ಪತ್ರ ಅಲ್ಲಿ ದೊಡ್ಡ ಸಾಕ್ಷಿಯಾಯಿತು. 2008ರ ಮೇ 23ರಂದು ಬಂಡೆ ಸಿಂಗಪುರಕ್ಕೆ, ಪಕ್ಕದ ಮಿಡಲ್ ರಾಕ್ಸ್ ಮಲೇಷ್ಯಾಕ್ಕೆ. ತೀರ್ಪು ಯಾರಿಗೂ ಪೂರ್ತಿ ಸಿಹಿಯಲ್ಲ, ಆದರೆ ಕಾಸ್‌ವೇ ಮೇಲೆ ಜನ ಓಡಾಡುವುದು ನಿಲ್ಲಲಿಲ್ಲ.

ನಮ್ಮಲ್ಲಿ? ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗ್ಗೆ ಮಹಾಜನ ಆಯೋಗದ ವರದಿ ಬಂದದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಈ ನಡುವೆ ನವೆಂಬರ್ ಒಂದಕ್ಕೆ ಒಂದು ಓಣಿಯಲ್ಲಿ ರಾಜ್ಯೋತ್ಸವ, ಇನ್ನೊಂದರಲ್ಲಿ ಕರಾಳ ದಿನ. ಡಿಸೆಂಬರ್‌ನಲ್ಲಿ ಸುವರ್ಣಸೌಧದ ಅಧಿವೇಶನ ಶುರುವಾದರೆ ಗಡಿಯ ಕೊಗನೊಳ್ಳಿ ನಾಕಾದಲ್ಲಿ ಪೊಲೀಸರು.

ಈ ಸಿಂಗಪುರ-ಮಲೇಷ್ಯಾದವರೂ ಸಂತರೇನಲ್ಲ, ಅದನ್ನೂ ಹೇಳಬೇಕು. 2017ರಲ್ಲಿ ಮಲೇಷ್ಯಾ ಹೊಸ ದಾಖಲೆ ಸಿಕ್ಕಿವೆಯೆಂದು ಮತ್ತೆ ಹೇಗ್‌ಗೆ ಹೋಯಿತು, ಸರ್ಕಾರ ಬದಲಾದ ಮೇಲೆ 2018ರಲ್ಲಿ ವಾಪಸು ಪಡೆಯಿತು. ಆ ವಾಪಸಾತಿಯ ಮೇಲೂ ಅಲ್ಲಿ ವಿಚಾರಣಾ ಆಯೋಗ ಕೂತಿತು. ಇನ್ನೊಂದು ಮಾತು, ಒಪ್ಪಲು ಮನಸ್ಸಿಲ್ಲದಿದ್ದರೂ: ಆ ಬಂಡೆಯ ಮೇಲೆ ಊರಿಲ್ಲ, ಶಾಲೆಯಿಲ್ಲ, ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ ಆಡುವ ಅಜ್ಜಿಯಿಲ್ಲ. ನಿಪ್ಪಾಣಿಯನ್ನು ಬಂಡೆಯ ಹಾಗೆ ಯಾರಿಗೋ ಕೊಟ್ಟು ಕೈತೊಳೆದುಕೊಳ್ಳಲು ಆಗದು.

ಇರಲಿ. ಆದರೆ ಕೇಸು ಕೋರ್ಟಿನಲ್ಲಿರುವಾಗ ಬಸ್ಸಿಗೆ ಮಸಿ ಬಳಿಯುವವರಿಗೆ, ಈಚೆಯವರಿಗೂ ಆಚೆಯವರಿಗೂ, ಅದರೊಳಗೆ ಕೂತವರು ಕಾಣುವುದೇ ಇಲ್ಲವೇ?