ಫೀಸ್ ಕಟ್ಟುವ ಮೊದಲೇ ಇಂಟರ್ನ್‌ಶಿಪ್ ನಿಯಮ ಓದಿಕೊಳ್ಳಿ

ಎಂ.ಎಸ್. (ಸ್ನಾತಕೋತ್ತರ ಪದವಿ) ಮಾಡಲು ವಿದೇಶಕ್ಕೆ ಹೊರಡುವ ತಯಾರಿಯಲ್ಲಿರುವ ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರಿಗೂ, ಅವರಿಗಾಗಿ ಮನೆ ಪತ್ರ ಬ್ಯಾಂಕಿಗೆ ಕೊಡುತ್ತಿರುವ ಅಪ್ಪ ಅಮ್ಮಂದಿರಿಗೂ ಈ ಬರಹ. ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಕನ್ಸಲ್ಟೆನ್ಸಿಗೆ ಹೋದರೆ ದೇಶ ಯಾವುದು, ರ‍್ಯಾಂಕಿಂಗ್ ಎಷ್ಟು, ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬ್ಯಾಂಡ್ ಬಂದಿದೆ, ಲೋನ್ ಎಲ್ಲಿ ಮಾಡಿಸೋಣ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಇಂಟರ್ನ್‌ಶಿಪ್ ಬಗ್ಗೆ ಕೇಳಿದರೆ ‘ಅಲ್ಲಿ ಹೋದ ಮೇಲೆ ಸಿಗುತ್ತೆ ಬಿಡಿ ಸರ್’ ಅನ್ನುತ್ತಾರೆ. ಈ ಮಾತನ್ನು ನಂಬಿ ಹೊರಡುವುದು ತಪ್ಪು. ವಿದ್ಯಾರ್ಥಿ ವೀಸಾದಲ್ಲಿ ಕಂಪನಿ ಕೆಲಸದ ಅನುಮತಿ ಕೋರ್ಸಿಗೆ ಅಂಟಿಕೊಂಡೇ ಬರುತ್ತದೆ. ಕೋರ್ಸಿನ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೆ ಜಾಗವೇ ಇಲ್ಲದಿದ್ದರೆ, ಎಂಥ ದೊಡ್ಡ ಕಂಪನಿ ಕರೆದರೂ ಹೋಗಲಾಗದೆ ಕೂರಬೇಕಾದೀತು. ಡೆಪಾಸಿಟ್ ಕಟ್ಟುವ ಮೊದಲು, ಇಲ್ಲಿದ್ದಾಗಲೇ ವಿಚಾರಿಸಬೇಕಾದ ಸಂಗತಿ ಇದು.

ನಮ್ಮ ಕಡೆಯಿಂದ ಹೆಚ್ಚು ಜನ ಹೋಗುವ ಅಮೆರಿಕವನ್ನೇ ಮೊದಲು ನೋಡೋಣ. ಅಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದುವಾಗ ಕ್ಯಾಂಪಸ್ ಹೊರಗಿನ ಇಂಟರ್ನ್‌ಶಿಪ್‌ಗೆ ಸಾಮಾನ್ಯ ದಾರಿ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕಂಪನಿಯಲ್ಲಿ ಕೆಲಸ ಮಾಡುವ ಅನುಮತಿ (ಕರಿಕ್ಯುಲರ್ ಪ್ರಾಕ್ಟಿಕಲ್ ಟ್ರೇನಿಂಗ್). ಇದನ್ನು ಕೊಡುವವರು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿ, ಅಂದರೆ ಡಿಎಸ್ಒ. ವಲಸೆ ಇಲಾಖೆಗೆ ಪ್ರತ್ಯೇಕ ಅರ್ಜಿ ಇಲ್ಲ, ಅದರ ಫೀಸೂ ಇಲ್ಲ. ಆದರೆ ಕೆಲಸ ಪಠ್ಯಕ್ರಮದ ಭಾಗವಾಗಿರಬೇಕು. ಹೆಚ್ಚಿನ ಕಡೆ ಒಂದು ಇಂಟರ್ನ್‌ಶಿಪ್ ಕೋರ್ಸಿಗೆ ಹೆಸರು ನೋಂದಾಯಿಸಿ ಆ ಕ್ರೆಡಿಟ್ಟಿನ ಫೀಸ್ ಕಟ್ಟಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ಪೂರ್ತಿ ಶೈಕ್ಷಣಿಕ ವರ್ಷ ಪೂರ್ಣಾವಧಿ ಓದಿರಬೇಕು. ಕೋರ್ಸೇ ಮೊದಲಿನಿಂದ ಕಡ್ಡಾಯ ತರಬೇತಿ ಕೇಳುವ ಕೆಲವು ಸ್ನಾತಕೋತ್ತರ ಪದವಿಗಳಿಗೆ ಮಾತ್ರ ವಿನಾಯಿತಿ.

ಈ ಒಂದು ವರ್ಷದ ನಿಯಮದ ಪರಿಣಾಮ ಏನು ಗೊತ್ತೇ? ಆಗಸ್ಟ್‌ನಲ್ಲಿ ಸೇರಿದವರಿಗೆ ಮುಂದಿನ ಮೇ ಹೊತ್ತಿಗೆ ಎರಡು ಸೆಮಿಸ್ಟರ್ ಮುಗಿದಿರುತ್ತದೆ, ಅಲ್ಲಿನ ಬೇಸಿಗೆಯ (ಮೇಯಿಂದ ಆಗಸ್ಟ್) ಇಂಟರ್ನ್‌ಶಿಪ್‌ಗೆ ಅರ್ಹರಾಗುತ್ತಾರೆ. ಜನವರಿಯಲ್ಲಿ ಸೇರಿದವರಿಗೆ ಆ ಮೇ ತಿಂಗಳಿಗೆ ಒಂದೇ ಸೆಮಿಸ್ಟರ್ ಆಗಿರುತ್ತದೆ, ಮೊದಲ ಬೇಸಿಗೆ ಸಾಮಾನ್ಯವಾಗಿ ಕೈತಪ್ಪುತ್ತದೆ. ಕೋರ್ಸ್ ಒಂದೂವರೆ ವರ್ಷದ್ದಾಗಿ ಮರುವರ್ಷದ ಮೇ ತಿಂಗಳಿಗೆ ಮುಗಿದರೆ ಓದಿನ ನಡುವೆ ಇನ್ನೊಂದು ಬೇಸಿಗೆಯೇ ಇಲ್ಲ. ‘ಆಗಸ್ಟ್ ಮಿಸ್ ಆದ್ರೆ ಏನಂತೆ, ಜನವರಿಗೆ ಹೋಗಿ, ಸುಮ್ನೆ ಆರು ತಿಂಗಳು ಯಾಕೆ ಕಾಯ್ತೀರಾ’ ಎಂದು ಹೇಳುವವರು ಈ ಲೆಕ್ಕ ಹೇಳುವುದಿಲ್ಲ. ಟೆಕ್ ಓದುವವರು ಆ ಆರು ತಿಂಗಳು ಕಾದು ಆಗಸ್ಟ್‌ಗೆ ಹೋಗುವುದೇ ಮೇಲು ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಐ-20, ಅಂದರೆ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಪ್ರವೇಶ ಪತ್ರ, ಕೈಗೆ ಬಂದಾಗ ಹೆಸರಿನ ಸ್ಪೆಲ್ಲಿಂಗ್ ನೋಡಿ ಮಡಚಿಡಬೇಡಿ. ಮೊದಲ ಪುಟದಲ್ಲಿ ನಿಮ್ಮ ವಿಷಯದ ಪಕ್ಕ ಒಂದು ಸಿಐಪಿ ಕೋಡ್ ಇರುತ್ತದೆ, ಅಂದರೆ ಓದುವ ವಿಷಯಕ್ಕೆ ಅಲ್ಲಿನ ಸರ್ಕಾರ ಕೊಟ್ಟ ಸಂಖ್ಯೆ. ಕಂಪ್ಯೂಟರ್ ಸೈನ್ಸ್ ಆದರೆ 11.0701. ಆ ಕೋಡ್ ಅಮೆರಿಕ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಓದು ಮುಗಿದ ಮೇಲೆ ಸಿಗುವ 12 ತಿಂಗಳ ಕೆಲಸದ ಅನುಮತಿಗೆ, ಅಂದರೆ ಒಪಿಟಿಗೆ, ಇನ್ನೂ 24 ತಿಂಗಳು ಸೇರಿಸಿಕೊಳ್ಳಲು ಅರ್ಜಿ ಹಾಕಬಹುದು. ಹೆಸರಿನಲ್ಲಿ ‘ಟೆಕ್ನಾಲಜಿ’ ಅಂತ ಇದ್ದ ಮಾತ್ರಕ್ಕೆ ಕೋಡ್ ಸ್ಟೆಮ್ ಆಗಿರಬೇಕೆಂದಿಲ್ಲ. ಎರಡನೇ ಪುಟದಲ್ಲಿ ಉದ್ಯೋಗದ ಅನುಮತಿ ಬರೆಯುವ ಜಾಗ ಇದೆ. ಸಿಪಿಟಿ ಸಿಕ್ಕಾಗ ಕಂಪನಿ ಹೆಸರು, ಶುರುವಾಗುವ ಮತ್ತು ಮುಗಿಯುವ ದಿನ, ಪೂರ್ಣಾವಧಿಯೋ ಅರೆಕಾಲಿಕವೋ ಅನ್ನುವುದು ಅಲ್ಲಿ ಅಚ್ಚಾಗಿ ಬರುತ್ತದೆ. ವಾರಕ್ಕೆ 20 ಗಂಟೆವರೆಗೆ ಅರೆಕಾಲಿಕ, ಅದಕ್ಕಿಂತ ಹೆಚ್ಚಾದರೆ ಪೂರ್ಣಾವಧಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ತಲುಪಿದರೆ ಅದೇ ಹಂತದ ಪದವಿಗೆ ಒಪಿಟಿ ಪೂರ್ತಿ ಹೋಗುತ್ತದೆ. ಬೇಸಿಗೆಯ ಮೂರು ತಿಂಗಳಿಂದ ಏನೂ ತೊಂದರೆ ಇಲ್ಲ.

ಬೇರೆ ದೇಶಗಳ ತೊಡಕು ಬೇರೆ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ಹೊರದೇಶದ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಕೆಲಸಕ್ಕೆ ಅವಕಾಶ. ಕೋರ್ಸಿನ ನಿಯಮಾವಳಿಯಲ್ಲೇ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರುವುದಿಲ್ಲ, ನೀವಾಗಿ ಮಾಡುವ ಇಂಟರ್ನ್‌ಶಿಪ್ ಸೇರುತ್ತದೆ. ಸಂಬಳದಲ್ಲೂ ವ್ಯತ್ಯಾಸ ಇದೆ: ಕಡ್ಡಾಯದ್ದಕ್ಕೆ ಕನಿಷ್ಠ ವೇತನ ಕಾನೂನು ಅನ್ವಯಿಸುವುದಿಲ್ಲ, ಮೂರು ತಿಂಗಳು ಮೀರಿದ ಸ್ವಯಂ ಇಂಟರ್ನ್‌ಶಿಪ್‌ಗೆ ಅನ್ವಯಿಸುತ್ತದೆ. ಅಲ್ಲಿ ಓದುತ್ತಾ ಟೆಕ್ ಕಂಪನಿ ಸೇರಲು ಒಳ್ಳೆಯ ದಾರಿ ಅಂದರೆ ‘ವೆರ್ಕ್‌ಸ್ಟುಡೆಂಟ್’ ಕೆಲಸ, ಅಂದರೆ ಓದುವವರಿಗೆಂದೇ ಇರುವ ಅರೆಕಾಲಿಕ ಕೆಲಸ, ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಬಹಳ ಕಂಪನಿಗಳಲ್ಲಿ ಮೀಟಿಂಗ್ ಜರ್ಮನ್‌ನಲ್ಲೇ ನಡೆಯುತ್ತದೆ. ಬಿ1 ಮಟ್ಟದ (ಮಧ್ಯಮ ಹಂತದ) ಜರ್ಮನ್ ಇಲ್ಲಿಂದಲೇ ಕಲಿತು ಹೋದವರಿಗೆ ಅರ್ಜಿ ಹಾಕಲು ಸಿಗುವ ಜಾಗಗಳೇ ಹೆಚ್ಚು.

ಬ್ರಿಟನ್‌ಗೆ ಹೋಗುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಪದವಿ ಮಟ್ಟದ ಓದಿನಲ್ಲಿ ಟರ್ಮ್ ಇರುವಾಗ ವಾರಕ್ಕೆ 20 ಗಂಟೆ, ವಾರ ಅಂದರೆ ಸೋಮವಾರದಿಂದ ಭಾನುವಾರ. ಒಂದು ವರ್ಷದ ಮಾಸ್ಟರ್ಸ್‌ನವರಿಗೆ ಜೂನ್ ಬಂತೆಂದರೆ ರಜೆ ಅಲ್ಲ. ಡಿಸರ್ಟೇಶನ್ (ಕೊನೆಯ ಪ್ರಬಂಧ) ಬರೆಯುವ ಕಾಲವೂ ಟರ್ಮ್ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ಬೇಸಿಗೆಯ ಪೂರ್ಣಾವಧಿ ಇಂಟರ್ನ್‌ಶಿಪ್ ಅವರಿಗೆ ಸಿಗುವುದೇ ಕಷ್ಟ. ಇಂಟರ್ನ್‌ಶಿಪ್ ಬೇಕಿದ್ದರೆ ಪ್ಲೇಸ್‌ಮೆಂಟ್ (ಕೋರ್ಸಿನ ಭಾಗವಾಗಿ ಕಂಪನಿಯಲ್ಲಿ ಕೆಲಸ ಮಾಡುವ ಅವಧಿ) ಒಳಗೊಂಡ ಕೋರ್ಸನ್ನೇ ಮೊದಲು ಆರಿಸಬೇಕು. ಆಗಲೂ ಬಹಳಷ್ಟು ಕಡೆ ಕಂಪನಿ ಹುಡುಕಿಕೊಳ್ಳುವ ಜವಾಬ್ದಾರಿ ವಿದ್ಯಾರ್ಥಿಯದೇ. ಫ್ರೀಲಾನ್ಸ್ ಕೆಲಸಕ್ಕೆ ಅಲ್ಲಿ ಅನುಮತಿ ಇಲ್ಲ, ರಾತ್ರಿ ಕೂತು ಯಾರಿಗೋ ವೆಬ್‌ಸೈಟ್ ಮಾಡಿಕೊಟ್ಟು ದುಡ್ಡು ತೆಗೆದುಕೊಂಡರೂ ನಿಯಮ ಮುರಿದಂತೆಯೇ. ಆಸ್ಟ್ರೇಲಿಯಾದಲ್ಲಿ ತರಗತಿ ನಡೆಯುವಾಗ 14 ದಿನಕ್ಕೆ 48 ಗಂಟೆ ಮಿತಿ, ಕೋರ್ಸಿನ ಕಡ್ಡಾಯ ಭಾಗವಾಗಿ ನೋಂದಣಿಯಾದ ತರಬೇತಿ ಅದರಿಂದ ಹೊರಗೆ.

ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ತಿಂಗಳು ಆಯಾ ಸರ್ಕಾರದ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿ, ವಾಟ್ಸಾಪ್ ಗುಂಪಿನ ಮಾತು ನಂಬಬೇಡಿ.

ಇನ್ನು ಹುಡುಕುವ ಕೆಲಸ. ಅಮೆರಿಕದ ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಯ ಜಾಗಗಳನ್ನು ಹಿಂದಿನ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ತೆರೆಯುತ್ತವೆ. ನೀವು ಸೂಟ್‌ಕೇಸ್ ಬಿಚ್ಚಿ ರೂಮಿಗೆ ಹಾಸಿಗೆ ಹುಡುಕುವಷ್ಟರಲ್ಲಿ ಅರ್ಜಿ ಶುರುವಾಗಿರುತ್ತದೆ. ಅದಕ್ಕೇ ರೆಸ್ಯೂಮೆ, ಗಿಟ್‌ಹಬ್ (ಬರೆದ ಪ್ರೋಗ್ರಾಂಗಳನ್ನು ಎಲ್ಲರಿಗೂ ಕಾಣುವಂತೆ ಇಡುವ ವೆಬ್‌ಸೈಟ್), ಕೋಡಿಂಗ್ ಅಭ್ಯಾಸ ಎಲ್ಲ ಜೂನ್, ಜುಲೈನಲ್ಲಿ, ಇಲ್ಲಿ ಮಳೆ ಹಿಡಿದು ಮನೆಯಲ್ಲಿ ಕೂತಿರುವಾಗಲೇ ಮುಗಿಯಬೇಕು. ಆನ್‌ಲೈನ್ ಪರೀಕ್ಷೆಗಳಲ್ಲಿ ಪ್ರಚಲಿತವಾದ ಒಂದು ಮಾದರಿ 70 ನಿಮಿಷಕ್ಕೆ 4 ಪ್ರಶ್ನೆ. ಉತ್ತರ ಗೊತ್ತಿದ್ದರೆ ಸಾಲದು, ಗಡಿಯಾರದ ಜೊತೆ ಬರೆದು ರೂಢಿ ಆಗಿರಬೇಕು. ಮಧ್ಯಮ ಮತ್ತು ಸಣ್ಣ ಕಂಪನಿಗಳು ಜನವರಿಯಿಂದ ಏಪ್ರಿಲ್‌ವರೆಗೂ ತೆಗೆದುಕೊಳ್ಳುತ್ತವೆ, ಡಿಸೆಂಬರ್‌ಗೆ ಏನೂ ಸಿಗಲಿಲ್ಲ ಅಂತ ಕೈಬಿಡಬೇಡಿ.

ರೆಸ್ಯೂಮೆ ಒಂದೇ ಪುಟ. ಅಮೆರಿಕಕ್ಕೆ ಫೋಟೋ, ಜನ್ಮದಿನಾಂಕ, ತಂದೆ ಹೆಸರು, ‘ಮೇಲಿನ ವಿವರಗಳೆಲ್ಲ ಸತ್ಯ’ ಅನ್ನುವ ಘೋಷಣೆ ಯಾವುದೂ ಬೇಡ. ಸಿಜಿಪಿಎ 10ಕ್ಕೆ ಎಷ್ಟಿದೆಯೋ ಹಾಗೇ 8.4/10 ಎಂದು ಬರೆಯಿರಿ, ನೀವೇ 4ಕ್ಕೆ ಇಳಿಸಬೇಡಿ.

ಪ್ರಾಜೆಕ್ಟ್ ವಿಷಯದಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಒಂದು ಅಭ್ಯಾಸ ಬಿಡಲೇಬೇಕು. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವುದು, ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್‌ನ ಸರ್ಟಿಫಿಕೇಟ್ ಫೈಲಿಗೆ ಸೇರಿಸುವುದು ಇಲ್ಲಿ ವೈವಾ ದಾಟಿಸಬಹುದು, ಅಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಟೈಟಾನಿಕ್ ಪ್ರಯಾಣಿಕರ ಡೇಟಾ, ಸಿನಿಮಾ ಆ್ಯಪ್‌ನ ನಕಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತವೆ. ನಿಮ್ಮ ಕೈಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಸರಕು ಇದೆ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆದು ದಿನಾ ಪುಸ್ತಕದಲ್ಲಿ ಬರೆದಿಡುವ ರೂಢಿ ಇದೆಯಲ್ಲ, ಇಂಚು ಮತ್ತು ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ). ಪರಿಚಯದ ನಾಲ್ಕು ಮನೆಗಳಿಂದ ಹಳೆಯ ಪುಸ್ತಕಗಳ ಫೋಟೋ ತೆಗೆದು, ಕೈಬರಹದ ಅಂಕಿ ಓದುವ ಪ್ರೋಗ್ರಾಂ ಬರೆದು, ತಪ್ಪು ಓದಿದ್ದನ್ನು ತಿದ್ದಿ, ಮಾರ್ಚ್‌ನ ಹೂಮಳೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಅಂತ ತೋರಿಸಿ. ‘1’ ಮತ್ತು ‘7’ ಎಲ್ಲಿ ಗಲಿಬಿಲಿ ಆಯಿತು, ಮಿಲಿಮೀಟರಿಗೆ ಬದಲಿಸಿದ ಮನೆಯವರ ಲೆಕ್ಕವನ್ನು ಹೇಗೆ ಹೊಂದಿಸಿದಿರಿ (1 ಇಂಚಿಗೆ 25.4 ಮಿ.ಮೀ.), ಖಾಲಿ ಬಿಟ್ಟ ದಿನವನ್ನು ಸೊನ್ನೆ ಎಂದುಕೊಂಡಿರೋ ಇಲ್ಲವೋ ಎಂಬುದನ್ನೆಲ್ಲ ಗಿಟ್‌ಹಬ್‌ನಲ್ಲಿ ಬರೆದಿಡಿ. ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡುವಷ್ಟು ವಿಷಯ ಇದರಲ್ಲಿದೆ, ಅದೂ ನೀವೇ ಮಾಡಿದ್ದು.

ಅಮೆರಿಕದ ಕಂಪನಿಗಳ ಅರ್ಜಿ ನಮೂನೆಯಲ್ಲಿ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, ಇಲ್ಲಿ ಕೆಲಸ ಮಾಡಲು ಕಾನೂನಿನ ಅನುಮತಿ ಇದೆಯೇ? ಸಿಪಿಟಿಗೆ ಅರ್ಹರಾದವರಿಗೆ ಇಂಟರ್ನ್‌ಶಿಪ್ ಮಟ್ಟಿಗೆ ಏನು ಉತ್ತರಿಸಬೇಕೆಂದು ನಿಮ್ಮ ಕ್ಯಾಂಪಸ್ ಕಚೇರಿಯನ್ನೇ ಕೇಳಿ, ಸಾಮಾನ್ಯವಾಗಿ ‘ಹೌದು’ ಅನ್ನುತ್ತಾರೆ. ಎರಡನೆಯದು, ಈಗ ಅಥವಾ ಮುಂದೆ ವೀಸಾ ಪ್ರಾಯೋಜಕತ್ವ (ಕಂಪನಿಯೇ ಅರ್ಜಿ ಹಾಕಿ ಕೆಲಸದ ವೀಸಾ ಕೊಡಿಸುವುದು) ಬೇಕಾಗುತ್ತದೆಯೇ? ಓದು ಮುಗಿಸಿ ಅಲ್ಲೇ ಕೆಲಸ ಮಾಡುವ ಉದ್ದೇಶವಿದ್ದರೆ ಉತ್ತರ ‘ಹೌದು’. ‘ಇಲ್ಲ’ ಅಂತ ಒತ್ತಿ ಒಳಗೆ ಹೋಗಬಹುದು ಎಂದು ಸೀನಿಯರ್‌ಗಳು ಹೇಳಿಕೊಡುತ್ತಾರೆ. ಕಾಗದ ನೋಡುವ ಹೊತ್ತಿಗೆ ಸುಳ್ಳು ಬಯಲಾಗಿ ಆಫರ್ ಹೋಗುತ್ತದೆ. ರಕ್ಷಣಾ ಕ್ಷೇತ್ರದ, ಅಮೆರಿಕದ ಪ್ರಜೆಗಳಿಗೆ ಮಾತ್ರ ಅಂತ ಬರೆದಿರುವ ಜಾಗಗಳಿಗೆ ಸಮಯ ಕಳೆಯಬೇಡಿ.

ಸಣ್ಣ ಕಂಪನಿಗಳು ಬೇಡ ಅನ್ನುವುದು ಎಷ್ಟೋ ಸಲ ಗೊತ್ತಿಲ್ಲದೆ. ವಿದೇಶಿ ವಿದ್ಯಾರ್ಥಿ ಅಂದರೆ ವಕೀಲರು, ಕೆಲಸದ ವೀಸಾದ ಲಾಟರಿ, ಸಾವಿರಾರು ಡಾಲರ್ ಖರ್ಚು ಅಂತ ಅಂದುಕೊಂಡಿರುತ್ತಾರೆ. ಅವರಿಗೆ ನಾಲ್ಕೇ ಸಾಲು ಬರೆಯಿರಿ: ‘ಈ ಬೇಸಿಗೆಯ 12 ವಾರದ ಕೆಲಸಕ್ಕೆ ನನ್ನ ಯೂನಿವರ್ಸಿಟಿಯೇ ಅನುಮತಿ ಕೊಡುತ್ತದೆ. ವಲಸೆ ಇಲಾಖೆಗೆ ನೀವು ಅರ್ಜಿ ಹಾಕಬೇಕಿಲ್ಲ, ಫೀಸ್ ಕಟ್ಟಬೇಕಿಲ್ಲ. ಆಫರ್ ಲೆಟರ್ ಕೊಟ್ಟರೆ ಉಳಿದ ಕಾಗದ ನಾನು ತರುತ್ತೇನೆ. ಕೆಲಸಕ್ಕೆ ಸೇರುವಾಗ ಎಲ್ಲರಿಗೂ ತುಂಬಿಸುವ ಐ-9 ನಮೂನೆ ಮಾತ್ರ ನಿಮ್ಮದು.’ ಮೊದಲ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಒಳಗೇ ಪ್ರೊಫೆಸರ್ ಲ್ಯಾಬ್ ಅಥವಾ ಐಟಿ ಹೆಲ್ಪ್‌ಡೆಸ್ಕ್ ಕೆಲಸ ಹಿಡಿದರೆ ಇನ್ನೂ ಒಳ್ಳೆಯದು. ಅದಕ್ಕೆ ಸಿಪಿಟಿ ಬೇಡ, ವಾರಕ್ಕೆ 20 ಗಂಟೆವರೆಗೆ ಮಾಡಬಹುದು, ರೆಸ್ಯೂಮೆಗೆ ಅಲ್ಲಿನ ಮೊದಲ ಅನುಭವವೂ ಸೇರುತ್ತದೆ.

ಆಫರ್ ಬಂದ ಮೇಲೆ ಎಡವುವವರೂ ಇದ್ದಾರೆ. ಪತ್ರದಲ್ಲಿ ಕಂಪನಿ ಹೆಸರು, ಕೆಲಸ ಮಾಡುವ ಜಾಗದ ವಿಳಾಸ, ಹುದ್ದೆ, ಕೆಲಸದ ವಿವರ, ವಾರದ ಗಂಟೆ, ಶುರು ಮತ್ತು ಕೊನೆಯ ದಿನಾಂಕ ಇರಬೇಕು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಕಚೇರಿ ವಾಪಸ್ ಕಳಿಸುತ್ತದೆ, ಮೇ ತಿಂಗಳ ನೂಕುನುಗ್ಗಲಿನಲ್ಲಿ ವಾರಗಳೇ ಹೋಗುತ್ತವೆ. ಹೊಸ ಐ-20 ಕೈಗೆ ಬಂದು ಅದರಲ್ಲಿರುವ ದಿನ ಬರುವ ಮೊದಲು ಒಂದು ದಿನವೂ ಕೆಲಸ ಮಾಡಬಾರದು, ‘ಸುಮ್ನೆ ಟ್ರೇನಿಂಗ್‌ಗೆ ಬಾ’ ಅಂದರೂ ಹೋಗಬಾರದು. ಕೊನೆಯ ದಿನ ಮುಂದೆ ಹಾಕಬೇಕಿದ್ದರೆ ಅವಧಿ ಮುಗಿಯುವ ಮೊದಲೇ ಕೇಳಬೇಕು. ಕಂಪನಿ ಬದಲಾದರೆ ಸಿಪಿಟಿಯೂ ಹೊಸದು.

ಇನ್ನು ಮೋಸ. ಕಾಲೇಜಿಗೆ ಹೋಗದೆ ಮೊದಲ ದಿನದಿಂದಲೇ ಪೂರ್ಣಾವಧಿ ಕೆಲಸ ಅನ್ನುವ ಜಾಹೀರಾತು ಕಂಡರೆ 2019ರ ಜನವರಿ ನೆನಪಿಸಿಕೊಳ್ಳಿ. ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿ ಎಂಬುದನ್ನು ಅಮೆರಿಕದ ಗೃಹ ಭದ್ರತಾ ಇಲಾಖೆಯೇ ಬಲೆಯಾಗಿ ನಡೆಸುತ್ತಿತ್ತು. ಆಗ ಬಂಧನಕ್ಕೊಳಗಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತದವರು. ಇಂಟರ್ನ್‌ಶಿಪ್ ಕೊಡಲು ದುಡ್ಡು ಕೇಳುವ ಕಂಪನಿ, ಇಲ್ಲದ ಅನುಭವ ಬರೆದುಕೊಡುವ ಏಜೆನ್ಸಿ, ಎರಡೂ ಬೇಡ. ಇನ್ನೊಂದು ಮಾದರಿಯಲ್ಲಿ ಸಂದರ್ಶನ ಚಾಟ್‌ನಲ್ಲೇ ಮುಗಿಯುತ್ತದೆ, ಲ್ಯಾಪ್‌ಟಾಪ್ ಕೊಳ್ಳಲು ಅಂತ ಚೆಕ್ ಬರುತ್ತದೆ, ಉಳಿದ ಹಣ ತಕ್ಷಣ ವಾಪಸ್ ಕಳಿಸಿ ಅನ್ನುತ್ತಾರೆ. ಚೆಕ್ ಬೌನ್ಸ್ ಆಗುವುದು ಕೆಲವು ದಿನಗಳ ನಂತರ, ಅಷ್ಟರಲ್ಲಿ ನೀವು ಕಳಿಸಿದ್ದು ನಿಮ್ಮ ಸ್ವಂತ ಹಣ.

ಅಮೆರಿಕದಲ್ಲಿ ಮೊದಲ ಸಂಬಳದ ಚೀಟಿ ಬಂದಾಗ ಸೋಷಿಯಲ್ ಸೆಕ್ಯೂರಿಟಿ (ಪಿಂಚಣಿ ತೆರಿಗೆ) 6.2% ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆಯ ತೆರಿಗೆ) 1.45% ಹಿಡಿದಿದ್ದಾರೋ ನೋಡಿ. ಎಫ್-1ನಲ್ಲಿ ಹೊಸದಾಗಿ ಹೋದವರಿಗೆ ಮೊದಲ 5 ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಇವೆರಡೂ ಇಲ್ಲ. ಹಿಡಿದಿದ್ದರೆ ಕಂಪನಿಯ ಪೇರೋಲ್‌ನವರಿಗೆ ಬರೆದು ವಾಪಸ್ ಕೇಳಿ, ಅವರು ಕೊಡದಿದ್ದರೆ ತೆರಿಗೆ ಇಲಾಖೆಗೆ 843ನೇ ನಮೂನೆ ಕಳಿಸಬಹುದು. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಡಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಸಿಗುತ್ತದೆ. ರಿಟರ್ನ್ ಸಲ್ಲಿಸುವಾಗ ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿಗಳಲ್ಲದವರಿಗಾಗಿ ಇರುವ 1040-ಎನ್‌ಆರ್ ನಮೂನೆಯನ್ನೇ ಬಳಸಿ. ಸ್ಥಳೀಯರಿಗಾಗಿ ಇರುವ ಮಾಮೂಲಿ ಸಾಫ್ಟ್‌ವೇರ್‌ನಲ್ಲಿ ತುಂಬಿಸಿದರೆ ಅದು ನಿವಾಸಿಗಳ 1040 ನಮೂನೆಯಾಗಿ ಹೋಗುತ್ತದೆ, ತಿದ್ದುಪಡಿ ರಿಟರ್ನ್ ಹಾಕಬೇಕಾಗುತ್ತದೆ.